ಏಳರ ಎಣಿಕೆ ಬಲ್ಲ ಕೈ

ಮೈಸೂರಿನ ಜಲಜಾಕ್ಷಿ ಅಂಚೆ ಇಲಾಖೆಯಿಂದ ನಿವೃತ್ತರಾದ ವರ್ಷವೇ ಬಲ್ಗೇರಿಯಾಕ್ಕೆ ಪ್ರವಾಸ ಹೊರಟರು. ಇಪ್ಪತ್ತೆರಡು ಜನರ ತಂಡ.

ನಾಲ್ಕನೆಯ ದಿನ ತಂಡದವರೆಲ್ಲ ಶಾಪಿಂಗ್‌ಗೆ ಹೋದರು. ಇವರೊಬ್ಬರೇ ಬಸ್ ಹತ್ತಿ, ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ನಡೆಯುವ ಜಾನಪದ ಸಂಗೀತ ಉತ್ಸವಕ್ಕೆ ಬಂದರು...

ಊರಿನಿಂದ ಅಕ್ಕ ಪಂಕಜಾ ವಿಡಿಯೊ ಕಾಲ್ ಮಾಡಿದರು.

"ಭಾಷೆ ಬರಲ್ಲ, ಜೊತೇಲಿ ಯಾರೂ ಇಲ್ಲ. ಅಲ್ಲಿ ಕೂತ್ಕೊಂಡು ಏನ್ ಮಾಡ್ತೀಯೇ?"

"ತಾಳ ಹಾಕ್ತೀನಿ ಕಣೇ."

"ಸರಿ, ಅದೊಂದು ಚೆನ್ನಾಗಿ ಬರತ್ತಲ್ಲ ನಿಂಗೆ."

ತಮಾಷೆಯ ಮಾತು. ಆದರೂ ಚುಚ್ಚಿತು...

ಹತ್ತನೇ ವಯಸ್ಸಿನಲ್ಲಿ ಸಂಗೀತ ಪಾಠಕ್ಕೆ ಸೇರಿದ್ದ ಜಲಜಾಕ್ಷಿಗೆ ಮೂರೇ ತಿಂಗಳಲ್ಲಿ ಮೇಷ್ಟ್ರು "ಶ್ರುತಿ ನಿಲ್ಲಲ್ಲ" ಎಂದಿದ್ದರು. ಮನೆಗೆ ಕಳಿಸಲಿಲ್ಲ. ಎದುರಿಗೆ ಕೂರಿಸಿ, ಉಳಿದವರು ಹಾಡುವಾಗ ತಾಳ ಹಾಕುವ ಕೆಲಸ ಕೊಟ್ಟರು.

ಒಂಬತ್ತು ವರ್ಷ ಅದೇ ಕೆಲಸ. ಅಕ್ಕ ವೇದಿಕೆಯ ಮೇಲೆ ಹಾಡುತ್ತಿದ್ದರು... ತಂಗಿ ಮೊದಲ ಸಾಲಿನಲ್ಲಿ ಕೂತು ತೊಡೆ ತಟ್ಟುತ್ತಿದ್ದಳು.

ಹುಲ್ಲುಗಾವಲಿನಲ್ಲಿ ಒಂದೊಂದು ಹಳ್ಳಿಯ ತಂಡಕ್ಕೂ ಎಂಟು ನಿಮಿಷ. ವೇದಿಕೆ ಎಂದರೆ ಮೊಣಕಾಲೆತ್ತರದ ಹಲಗೆ. ಸುತ್ತ ಎಲ್ಲರೂ ಕುಟುಂಬ ಸಮೇತ ಬಂದವರು. ಬುತ್ತಿ ಬಿಚ್ಚಿ ನಗುತ್ತಿದ್ದರು. ವಾಪಸ್ ಹೋಗಿಬಿಡೋಣವೇ ಎಂದು ಜಲಜಾಕ್ಷಿಗೆ ಎರಡು ಸಲ ಅನ್ನಿಸಿತು.

ಅಷ್ಟರಲ್ಲಿ ಒಂದು ಹಾಡು ಶುರುವಾಯಿತು. ಕೇಳಿದ ಕೂಡಲೇ ಗೊತ್ತಾಯಿತು... ಏಳು ಮಾತ್ರೆಯ ತಾಳ!

ಕೈ ತಾನಾಗಿ ತೊಡೆಯ ಮೇಲೆ ಬಿತ್ತು. ನಮ್ಮ ಮಿಶ್ರಛಾಪು... ಮೊದಲು ಮೂರು, ಆಮೇಲೆ ಎರಡು, ಎರಡು.

ಆದರೆ ತಾಳ ಹಾಡಿಗೆ ಕೂರಲೇ ಇಲ್ಲ.

ಪಕ್ಕದಲ್ಲಿದ್ದ ಮುದುಕ ಇವರ ಕೈಯನ್ನೇ ನೋಡುತ್ತಿದ್ದ. ನಕ್ಕು, ತನ್ನ ಮೊಣಕಾಲಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದ. ಎರಡು, ಎರಡು, ಕೊನೆಗೆ ಮೂರು. ಇವರು ಹಾಗೇ ಹಾಕಿದರು. ತಾಳ ಹಾಡಿಗೆ ಸರಿಯಾಗಿ ಕೂತಿತು.

ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದರು. ಮುದುಕ ಉತ್ತರಿಸಲಿಲ್ಲ.

"ಅಪ್ಪನಿಗೆ ಕೇಳಿಸುವುದಿಲ್ಲ. ಆದರೆ ಹಾಡುವವರನ್ನು ನೋಡಿಯೇ ಯಾವ ಹಾಡೆಂದು ಗುರುತಿಸುತ್ತಾರೆ" ಎಂದಳು ಹಿಂದೆ ನಿಂತಿದ್ದ ಅವನ ಮಗಳು.

ಅವಳ ಹೆಸರು ರಾದ್ಕಾ. ಹೋಟೆಲೊಂದರಲ್ಲಿ ಕೆಲಸ ಮಾಡಿದ್ದರಿಂದ ಇಂಗ್ಲಿಷ್ ಬರುತ್ತಿತ್ತು. ತಂದೆ ದಿಮಿತರ್, ತಮ್ಮ ಹಳ್ಳಿಯ ತಂಡದ ಡೋಲುಗಾರ. ಮೂವತ್ತೆಂಟು ವರ್ಷ ಬಾರಿಸಿದ್ದ. ಕಿವಿ ಹೋದ ಮೇಲೂ ಒಮ್ಮೆ ಇಲ್ಲೇ ವೇದಿಕೆ ಹತ್ತಿದ. ಡೋಲು ಒಂದು ಕಡೆ, ಹಾಡು ಒಂದು ಕಡೆ ಹೋಯಿತು... ಜನ ನಕ್ಕರು.

ಅದಾಗಿ ನಾಲ್ಕು ವರ್ಷ. ಪ್ರತಿ ವರ್ಷ ಡೋಲನ್ನು ಕಂಬಳಿಯಲ್ಲಿ ಸುತ್ತಿ ಇಲ್ಲಿಯವರೆಗೆ ತರುತ್ತಾನೆ. ಬಿಚ್ಚುವುದಿಲ್ಲ. ಮಗಳು ಹಾಡುವ ಅದೇ ತಂಡ ಡೋಲಿಲ್ಲದೆ ಹಾಡಿ ಇಳಿಯುತ್ತದೆ.

ಅವರ ಸರದಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಅವರು ಹಾಡುವುದೂ ಇದೇ ಏಳರ ಲೆಕ್ಕದ ಹಾಡು.

ಜಲಜಾಕ್ಷಿ ಕೇಳಿದರು. "ನಾನು ಎದುರಿಗೆ ಕೂತು ತಾಳ ಹಾಕಿದರೆ? ಅವರು ನನ್ನ ಕೈ ನೋಡಿಕೊಂಡು ಬಾರಿಸಬಹುದಲ್ಲ?"

ರಾದ್ಕಾ ಹಿಂಜರಿದಳು. "ಇನ್ನೊಂದು ಸಲ ತಪ್ಪಿದರೆ, ಮುಂದಿನ ವರ್ಷ ಅಪ್ಪ ಡೋಲನ್ನು ತರುವುದೂ ಇಲ್ಲ."

ಆದರೂ ತಂದೆಗೆ ಸನ್ನೆಯಲ್ಲಿ ವಿಷಯ ತಿಳಿಸಿದಳು. ಮುದುಕ ಒಪ್ಪಲಿಲ್ಲ, ಬೇಡವೆನ್ನಲೂ ಇಲ್ಲ. ಬೇರೊಂದು ತಂಡದ ಏಳರ ಹಾಡಿಗೆ ಜಲಜಾಕ್ಷಿ ತಾಳ ಹಾಕುತ್ತಿದ್ದಾಗ ಅವರ ಕೈ ನೋಡುತ್ತಾ ಮೊಣಕಾಲು ತಟ್ಟಿದ... ಒಂದು ಸುತ್ತು, ಹತ್ತು ಸುತ್ತು, ಮೂವತ್ತು ಸುತ್ತು. ರಾದ್ಕಾ ಕಿವಿಗೊಟ್ಟು ಕೇಳಿದಳು. ಒಂದು ಪೆಟ್ಟೂ ತಪ್ಪಲಿಲ್ಲ.

ದಿಮಿತರ್ ಕಂಬಳಿ ಬಿಚ್ಚಿದ.

ಜಲಜಾಕ್ಷಿ ವೇದಿಕೆಯ ಮುಂದೆ ಹುಲ್ಲಿನ ಮೇಲೆ ಕೂತರು. ಅವನಿಗೆ ಕಾಣಲೆಂದು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದರು. ಅಪರಿಚಿತರೆಲ್ಲ ಇವರನ್ನೇ ನೋಡುತ್ತಿದ್ದರು.

ಹಾಡು ಶುರುವಾಯಿತು. ಎರಡು, ಎರಡು, ಮೂರು...

ಡೋಲು ಸುಮ್ಮನಿತ್ತು. ಮುದುಕನ ಕೋಲು ಗಾಳಿಯಲ್ಲೇ ನಿಂತಿತ್ತು. ಮೊದಲ ಚರಣ ಹಾಗೇ ಮುಗಿಯಿತು.

ಎರಡನೆಯದರಲ್ಲಿ ಎಡಗೈಯ ಸಣ್ಣ ಕಡ್ಡಿ ಮೆಲ್ಲಗೆ ಚರ್ಮಕ್ಕೆ ತಾಗಿತು. ಆಮೇಲೆ ಬಲಗೈಯ ದಪ್ಪ ಕೋಲು ಬಿತ್ತು.

ಸರಿಯಾಗಿ, ಜಲಜಾಕ್ಷಿಯ ಚಪ್ಪಾಳೆ ಬಿದ್ದಲ್ಲೇ!

ಮೂರನೇ ಚರಣದಲ್ಲಿ ಹಾಡಿನ ವೇಗ ಏರಿತು. ಜಲಜಾಕ್ಷಿಯ ಕೈ ಹಾಡನ್ನು ಬಿಡಲಿಲ್ಲ, ಡೋಲು ಕೈಯನ್ನು ಬಿಡಲಿಲ್ಲ. ಬುತ್ತಿ ಮುಂದಿಟ್ಟುಕೊಂಡು ಕೂತಿದ್ದವರು ಎದ್ದು ನಿಂತರು. ಕೆಲವರು ಕೈ ಕೈ ಹಿಡಿದು ಕುಣಿದರು.

ಹಾಡು ಮುಗಿದಾಗ ಕೊನೆಯ ಪೆಟ್ಟು ಹಾಡಿನ ಜೊತೆಗೇ ಬಿತ್ತು. ಈ ಸಲ ಯಾರೂ ನಗಲಿಲ್ಲ.

ದಿಮಿತರ್ ಕೆಳಗಿಳಿದು ಮಗಳತ್ತ ತಿರುಗಿ ಸಿಟ್ಟಿನಿಂದ ಏನೋ ಹೇಳಿದ. ರಾದ್ಕಾ ಬಿಕ್ಕಿ ಬಿಕ್ಕಿ ಅತ್ತಳು. ಏನೋ ತಪ್ಪಾಯಿತೆಂದು ಜಲಜಾಕ್ಷಿ ಗಾಬರಿಯಾದರು.

ರಾದ್ಕಾ ಕಣ್ಣೊರೆಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು...

"ಮೂರನೇ ಚರಣದಲ್ಲಿ ಮತ್ತೆ ಓಡಿಬಿಟ್ಟೆಯಲ್ಲ, ಎಷ್ಟು ಸಲ ಹೇಳಬೇಕು ನಿನಗೆ ಅಂತ ಬೈದರು. ನಿಮ್ಮ ಕೈಯಲ್ಲೇ ಅದು ಕಂಡಿತಂತೆ. ನಾಲ್ಕು ವರ್ಷದಿಂದ ಅಪ್ಪ ನನ್ನ ಹಾಡಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ."

ಮುದುಕ ಅಷ್ಟರಲ್ಲಿ ಜಲಜಾಕ್ಷಿಯ ಪಕ್ಕ ಹುಲ್ಲಿನ ಮೇಲೆ ಕೂತು, ಮುಂದಿನ ತಂಡದ ಕಡೆ ಕೈ ತೋರಿಸಿ, ತಾಳ ಹಾಕು ಎಂದು ಸನ್ನೆ ಮಾಡಿದ.

*

ಮುಂದೆ ನಿಲ್ಲಲು ಬಾರದವರೆಂದು ನಮ್ಮನ್ನು ಕೂರಿಸಿದ ಜಾಗದಲ್ಲಿ ಕಲಿತದ್ದೂ ಒಂದು ವಿದ್ಯೆಯೇ.

ನೀವು ವಿದ್ಯೆಯೆಂದೇ ಎಣಿಸದ ಯಾವ ಕೆಲಸ ನಿಮ್ಮ ಕೈಯಲ್ಲಿದೆ... ಅದು ಯಾರಿಗೆ ಬೇಕಾಗಿರಬಹುದು?