ಮಸುಕಾದ ಅಂಚು

ಲೋಗೋ ಬರೆಸಲು ಬಂದವಳು ತಾನೇ ಡಿಸೈನರ್ ಎಂದಾಗ ಶಾಂತವೀರನಿಗೆ ಆಶ್ಚರ್ಯವಾಯಿತು.

“ಹಾಗಾದ್ರೆ ನೀವೇ ಬರ್ಕೋಬಹುದಿತ್ತಲ್ಲ ಮೇಡಂ?”

ಅವಳು ಸೆರಗಿನ ಮರೆಯಿಂದ ಬಲಗೈಯನ್ನು ಈಚೆ ತೆಗೆದಳು. ಬೆರಳ ತುದಿಯವರೆಗೂ ಪ್ಲಾಸ್ಟರ್ ಹಾಕಿತ್ತು.

“ನಮ್ಮನೆಯವರು ಬಾಗಿಲ ಸಂದೀಲಿ ಸಿಗಿಸಿ ಜಜ್ಜಿದ್ರು. ಅವರ ಕಂಪನಿ ಬಿಟ್ಟು ಸ್ವಂತ ಕನ್ಸಲ್ಟೆನ್ಸಿ ಶುರು ಮಾಡ್ತೀನಿ ಅಂದಿದ್ದಕ್ಕೆ.”

ಶಾಂತವೀರ ಅವಳಿಗೆ ಕುರ್ಚಿ ಸರಿಸಿಕೊಟ್ಟು, “ಲೋಗೋ ಹೇಗಿರ್ಬೇಕು?” ಎಂದ.

ಅವಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಬರಿ ಬೆನ್ನು. ಅದರ ನಡುವೆ ಕಾದ ಇಸ್ತ್ರಿ ಪೆಟ್ಟಿಗೆ ಒತ್ತಿದ ಗುರುತು, ಚರ್ಮ ಸುಲಿದು ಹಸಿಹಸಿಯಾಗಿತ್ತು.

“ಇದೇ ಆಕಾರ ಬೇಕು.”

ಅವನಿಗೆ ಆ ಗಂಡ ಕೈಗೆ ಸಿಕ್ಕರೆ ಸಿಗಿದುಹಾಕಬೇಕು ಅನಿಸಿತು. ಆದರೂ ಕಸುಬಿನ ಕಣ್ಣು ಸುಮ್ಮನಿರಲಿಲ್ಲ.

“ಒಂದು ಕಡೆ ಅಂಚು ಮಸುಕಾಗಿದೆ, ಟ್ರೇಸ್ ಮಾಡೋಕಾಗಲ್ಲ. ತಪ್ಪು ತಿಳ್ಕೋಬೇಡಿ ಮೇಡಂ, ಒಳಗೆ ನನ್ನ ಹೆಂಡ್ತಿ ಇದಾಳೆ. ನಿಮ್ಮ ಬೆನ್ನಿಂದು ಇನ್ನೊಂದು ಫೋಟೋ ಅವಳು ತೆಗೀಲಿ.”

“ಬೆನ್ನು ನಂದಲ್ಲ, ಅವರದು,” ಎಂದಳು ಅವಳು. “ನಂಗೆ ಎಡಗೈಲಿ ಇಸ್ತ್ರಿ ಹಿಡಿದು ಅಭ್ಯಾಸ ಇರ್ಲಿಲ್ಲ.”