ಕೆಸರು ತಿಂದ ಉಗುರು

ಬಾಲಮ್ಮ ಹುಡುಗಿ ಮಾಳಮ್ಮನ ಜಡೆ ಬಿಚ್ಚಿ, ಚೌರಿಗೀರಿ ಸೇರಿಸಿದ್ದಾರೇನೋ ಎಂದು ಜಗ್ಗಿಯೇ ನೋಡಿದಳು. ಕೂದಲು ಸೊಂಟದ ಕೆಳಗಿಳಿಯಿತು. ಹೇನಿಲ್ಲ, ಹೊಟ್ಟಿಲ್ಲ. ಮಗನಿಗೆ ಹೆಣ್ಣು ನೋಡಲು ದೇವಾಪುರಕ್ಕೆ ಬಂದವಳು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಅವಳ ಕಣ್ಣು ಮಾಳಮ್ಮನ ಕಾಲ್ಬೆರಳಿನ ಮೇಲೆ ಬಿತ್ತು.

"ಇವೇನ ಉಗುರು! ಹಳದಿ ಆಗಿ ದಪ್ಪ ಆಗ್ಯಾವಲ್ಲ. ಏನರ ಬೀಮಾರಿ ಅದ ಏನು ಹುಡುಗಿಗಿ?"

ಮಾಳಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದೆ ಬಂದ ಸಂಬಂಧವೂ ಈ ಉಗುರಿನಿಂದಲೇ ತಪ್ಪಿತ್ತು. ಈ ಹುಡುಗನನ್ನು ಅವಳು ಸುರಪುರದ ಸಂತೆಯಲ್ಲಿ ನೋಡಿದ್ದಳು, ಮನಸ್ಸಿಗೂ ಬಂದಿದ್ದ. ಇದೂ ಕೈಬಿಟ್ಟರೆ ಗತಿಯೇನು? ಅವ್ವ ಭೀಮಮ್ಮ ಬೆಳಿಗ್ಗೆ ಗೋರಂಟಿ ಮೆತ್ತಿದ್ದಳು ನಿಜ, ಆದರೆ ಆ ಹಾಳು ಉಗುರು ಬಣ್ಣವನ್ನೂ ಹಿಡಿದಿರಲಿಲ್ಲ.

"ಬೀಮಾರಿ ಗೀಮಾರಿ ಏನಿಲ್ಲಕ್ಕಾ," ಭೀಮಮ್ಮ ಅವಸರದಿಂದ ಹೇಳಿದಳು. "ಕಾಲುವಿ ನೀರು ಬಂದ ಮ್ಯಾಲ ಕುರಿ ಮಾರಿ ಭತ್ತ ಹಚ್ಚಾಕತ್ತೀವಿ. ಕೆಸರಾಗ ನಿಂತು ನಿಂತು ಬೂಷ್ಟು ಹಿಡದದ ಅಂತ ದವಾಖಾನ್ಯಾಗ ಹೇಳ್ಯಾರ. ಕಾಲು ಒಣಾ ಇಟ್ಗೊಂಡು ಗುಳಗಿ ತಗೊಂಡ್ರ ಹೊಸಾ ಉಗುರು ಬರ್ತದಂತ. ತಡಾ ಆಗ್ತದ, ಅಷ್ಟs."

"ಭತ್ತದ ಮಾತು ನನಗ ಹೇಳ್ತೀ?" ಬಾಲಮ್ಮನ ದನಿಯಲ್ಲಿ ಬಿಂಕ ತುಂಬಿತು. "ನಮ್ಮೂರಾಗೂ ಕಾಲುವಿ ಅದ. ನಾಕು ವರ್ಷಾತು ಭತ್ತ ಹಚ್ಚಾಕತ್ತು. ಆಳಿನ ಮ್ಯಾಲ ಬಿಡಾಕಿ ಅಲ್ಲ ನಾ, ನಾನs ಕೆಸರಾಗ ಇಳೀತೀನಿ. ನನ್ನ ಮಗಗ ಹೆಣ್ಣಿಗೇನು ಬರ ಬಂದದ?"

ಮಾತು ಮುರಿಯುವುದು ಬೇಡವೆಂದು ಭೀಮಮ್ಮ ಮಗಳಿಗೆ ಕಣ್ಸನ್ನೆ ಮಾಡಿದಳು. ಮಾಳಮ್ಮ ಬಗ್ಗಿ ಹಿರಿಯಳ ಕಾಲಿಗೆ ಬಿದ್ದಳು. ಬಿದ್ದವಳು ಏಳಲೇ ಇಲ್ಲ. ಬಾಲಮ್ಮನ ಹಿಮ್ಮಡಿ ಬಿರಿದಿತ್ತು, ಬಿರುಕಿನಲ್ಲಿ ಒಣ ಎರೆಮಣ್ಣು ಕೂತಿತ್ತು. ಉಗುರುಗಳು ಮಾತ್ರ ಸುಲಿದ ಬೆಳ್ಳುಳ್ಳಿಯ ಹಾಗೆ ಬೆಳ್ಳಗೆ, ತೆಳ್ಳಗೆ. ಹುಡುಗಿಗೆ ನಾಚಿಕೆ ಮರೆತೇಹೋಯಿತು.

"ಅತ್ತೀ, ನಾಕು ವರ್ಷ ಕೆಸರಾಗ ಇಳದ್ರೂ ನಿಮ್ಮ ಉಗುರು ಹಿಂಗ ಹ್ಯಾಂಗ ಉಳದಾವ್ರಿ? ಏನು ಹಚ್ಚತೀರಿ? ನನಗೂ ಹೇಳ್ರಿ."

ಅವಳಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜಕ್ಕೂ ಆ ಮದ್ದು ಬೇಕಿತ್ತು. ಭೀಮಮ್ಮ ಹಿಂದಿನಿಂದ ಚಿವುಟಿದರೂ ಮುಖವೆತ್ತಿ ಕಾದಳು.

ಬಾಲಮ್ಮ ತನ್ನ ಪಾದಗಳನ್ನು ನೋಡಿಕೊಂಡಳು, ಆಮೇಲೆ ಹುಡುಗಿಯ ಪಾದಗಳನ್ನು. ಬಿಂಕವೆಲ್ಲ ಜರ್ರನೆ ಇಳಿದುಹೋಯಿತು. ಮಾಳಮ್ಮನ ರಟ್ಟೆ ಹಿಡಿದು ಎಬ್ಬಿಸಿ ಪಕ್ಕಕ್ಕೆ ಕೂಡಿಸಿಕೊಂಡಳು.

"ಏನೂ ಹಚ್ಚಂಗಿಲ್ಲವ್ವ," ಎಂದಳು ಮೆಲ್ಲಗೆ. "ನಮ್ಮೂರಿಗಿ ಕಾಲುವಿ ಬಂದದ. ನೀರು ಇನ್ನಾ ಬಂದಿಲ್ಲ."