ಮೇಡಂ ಎದ್ದು ನಿಂತದ್ದು

"ಮೂವತ್ತೇಳು! ಎದ್ದು ನಿಲ್ರಿ."

ಯಾರಪ್ಪಾ ಈ ಮೂವತ್ತೇಳು ಎಂದು ಸುನಂದಾ ಮೇಡಂ ಅತ್ತಿತ್ತ ನೋಡಿದರು. ಪಕ್ಕದಲ್ಲಿದ್ದ ಸಿರುಗುಪ್ಪದ ಹೇಮಾ ಮೇಡಂ, ಸುನಂದಾರ ಸೆರಗಿಗೆ ಸಿಕ್ಕಿಸಿದ್ದ ಬ್ಯಾಡ್ಜಿನ ಅಂಕಿಯನ್ನು ತೋರಿಸಿದ ಮೇಲೆ, ಕೈಯಲ್ಲಿದ್ದ ಅರ್ಧ ಮಿರ್ಚಿ ಬಜ್ಜಿಯನ್ನು ನೋಟ್‌ಬುಕ್ಕಿನ ಕೆಳಗೆ ತಳ್ಳಿ ಎದ್ದು ನಿಂತರು.

ಶಿಕ್ಷಕರ ಕಳೆದುಹೋದ ಆತ್ಮವಿಶ್ವಾಸವನ್ನು ಹುಡುಕಿಕೊಡಲು ಬಳ್ಳಾರಿಯ ಗಾಂಧಿನಗರದಲ್ಲಿ ಏರ್ಪಡಿಸಿದ್ದ ಮೂರು ದಿನದ ತರಬೇತಿಯ ಕೊನೆಯ ಮಧ್ಯಾಹ್ನ ಅದು. ಆತ್ಮವಿಶ್ವಾಸ ಇನ್ನೂ ಬಂದಿರಲಿಲ್ಲ. ಟೀ ಬಂದಿತ್ತು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದಿತ್ತು. ನಲವತ್ತು ಜನರಲ್ಲಿ ಹತ್ತು ಮಂದಿ ಬೆಳಿಗ್ಗೆಯೇ ಸಹಿ ಹಾಕಿ ಪೇಟೆಗೆ ನಡೆದಿದ್ದರು. ಅವರ ಪಾಲಿನ "ಹಾಜರ್ ಸರ್" ಅನ್ನು ಉಳಿದವರು ದನಿ ಬದಲಿಸಿ ಕೂಗಿದ್ದರು. "ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡ್ರಿ" ಎಂದ ಕೂಡಲೇ ಮುಂದಿನ ಸಾಲಿನ ಸಮಾಜ ವಿಜ್ಞಾನದ ಮೇಷ್ಟ್ರು ಗೊರಕೆಯನ್ನೇ ಹೊಡೆದುಬಿಟ್ಟರು. ಸುನಂದಾ ಕಿಸಕ್ಕನೆ ನಕ್ಕು ಸಿಕ್ಕಿಬಿದ್ದದ್ದು ಆಗಲೇ.

ಹಾಗೆ ನೋಡಿದರೆ ಅವರು ನಗುವ ಸ್ಥಿತಿಯಲ್ಲೇ ಇರಲಿಲ್ಲ. ಕುರುಗೋಡು ಕಡೆಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದ ಹೆಂಗಸು. ಎರಡು ವರ್ಷದಿಂದ ಒಂಬತ್ತನೇ 'ಬಿ' ಅವರ ಕೈಗೆ ಸಿಗುತ್ತಿರಲಿಲ್ಲ. ಹೆಡ್‌ಮಾಸ್ಟರ್ ದೊಡ್ಡಬಸಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಈ ಟ್ರೇನಿಂಗ್ ಮುಗಿಸ್ಕೊಂಡು ಬಂದ ಮ್ಯಾಲೂ ಹಿಂಗ ಗದ್ದಲ ಆತಂದ್ರ, ಪಾಠ ಬಿಟ್ಟು ಆಫೀಸಿನ್ಯಾಗ ಫೈಲ್ ನೋಡ್ಕೊಂತ ಕುಂದರ್ರಿ ಮೇಡಂ." ಪಾಠ ಬಿಟ್ಟರೆ ತಾನು ಏನೂ ಅಲ್ಲ ಎಂಬುದು ಸುನಂದಾಗೆ ಗೊತ್ತಿತ್ತು.

"ನಾನೀಗ ಹೇಳಿದ ನಾಲ್ಕನೇ ಸೂತ್ರ ಯಾವುದ್ರಿ?" ಎಂದು ಕೇಳಿದ ತರಬೇತುದಾರ ಭೀಮರಾಜ. ಮೂವತ್ತು ದಾಟದ ಹುಡುಗ. ಮೂರು ದಿನದಲ್ಲಿ ದನಿ ಬಿದ್ದುಹೋಗಿತ್ತು.

ಹೇಮಾ ಕೆಳಗಿನಿಂದ ಪಿಸುಗುಟ್ಟಿದರು. ಸುನಂದಾ ಅದನ್ನೇ ಒಪ್ಪಿಸಿದರು: "ಮಕ್ಕಳನ್ನ ಹೆಸರು ಹಿಡಿದು ಕರೀಬೇಕ್ರಿ ಸರ್."

"ಕರೆಕ್ಟ್. ಕುಂದರ್ರಿ ಮೂವತ್ತೇಳು."

ಈಗ ಹೇಮಾ ನಕ್ಕರು, ಸುನಂದಾ ನಕ್ಕರು, ಗೊರಕೆಯ ಮೇಷ್ಟ್ರು ಎದ್ದು ಏನೆಂದು ಗೊತ್ತಿಲ್ಲದೆ ತಾವೂ ನಕ್ಕರು. ಭೀಮರಾಜನ ಮುಖ ಕೆಂಪಾಯಿತು. "ಬೇಕಾದ್ರ ಕಲೀರಿ, ಬ್ಯಾಡಾದ್ರ ಬಿಡ್ರಿ. ನನಗೇನು, ನಾ ಕಲ್ತು ಪಾಸಾಗಿ ಬಂದೀನಿ. ಮೂವತ್ತೇಳು, ನೀವು ಹೊರಗ ನಡ್ರಿ!"

ಸುನಂದಾರ ನಗು ಅಲ್ಲಿಗೇ ನಿಂತಿತು. ಇದು ತಮ್ಮದೇ ಮಾತು. ಒಂಬತ್ತನೇ 'ಬಿ'ಯಲ್ಲಿ ದಿನಕ್ಕೊಮ್ಮೆಯಾದರೂ ಆಡುವ ಮಾತು. ಅದು ಮಕ್ಕಳ ಎದೆಗೆ ನಾಟುತ್ತದೆ ಎಂದೇ ಇಷ್ಟು ದಿನ ನಂಬಿದ್ದರು. ಬೆಂಚಿನ ಕಡೆಯಿಂದ ಕೇಳಿದಾಗ ಎಲ್ಲಿಗೂ ನಾಟಲಿಲ್ಲ. ಹೊರಗೆ ಹೋಗಿ ವರಾಂಡದಲ್ಲಿ ನಿಂತರು. ತಂಪಾಗಿತ್ತು, ಬೀದಿಯಲ್ಲಿ ನೋಡಲು ಬೇಕಾದಷ್ಟಿತ್ತು. ಆದರೂ ನಲವತ್ತಾರನೇ ವಯಸ್ಸಿನಲ್ಲಿ ಅಳು ಬರುವಷ್ಟು ಅವಮಾನವಾಯಿತು. ಒಂದು ತಾಸಿಗೇ ತನಗೆ ಹೀಗಾದರೆ, ಜೂನ್‌ನಿಂದ ದಿನಾ ತಾನು ಹೊರಗೆ ನಿಲ್ಲಿಸುತ್ತಿದ್ದ, ಒಂಬತ್ತನೇ 'ಬಿ'ಯ ಕೊನೆಯ ಬೆಂಚಿನ ಹುಡುಗನಿಗೆ ಹೇಗಾಗಿರಬೇಡ ಎನ್ನಿಸಿತು.

ಮರುದಿನ ಒಂಬತ್ತನೇ 'ಬಿ'ಗೆ ಹೋದಾಗ ಎಂದಿನ ಗದ್ದಲ. ಬೋರ್ಡಿನ ಕಡೆ ತಿರುಗಿದ್ದೇ ತಡ, ಹಿಂದಿನಿಂದ ಸಿಳ್ಳೆ. "ಏಯ್, ಕಡೀ ಬೆಂಚು!" ಎನ್ನಲು ಬಾಯಿ ತೆರೆದ ಸುನಂದಾ ತಡೆದುಕೊಂಡರು.

"ದುರ್ಗೇಶ" ಎಂದರು.

ದುರ್ಗೇಶ ಎದ್ದವನೇ ಬಾಗಿಲ ಕಡೆ ನಡೆದ.

"ಎಲ್ಲಿಗಿ ಹೊಂಟೀಯೋ?"

"ಹೊರಗ್ರಿ."

"ಯಾಕ?"

"ನನ್ನ ಹೆಸರು ಕರದ್ರಲ್ರಿ ಮೇಡಂ."

ಸುನಂದಾಗೆ ತರಬೇತಿಯಲ್ಲಿ ಕೊಟ್ಟ ಹನ್ನೆರಡು ಸೂತ್ರಗಳಲ್ಲಿ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿದರು: "ಹೊರಗ ಹೋಗಬ್ಯಾಡ, ಕುಂದುರು. ನಿನ್ನೆ ಬಳ್ಳಾರಿಯಾಗ ನನ್ನನ್ನೂ ಹೊರಗ ಹಾಕಿದ್ರು."

ಎರಡು ವರ್ಷದಲ್ಲಿ ಮೊದಲ ಸಲ ಒಂಬತ್ತನೇ 'ಬಿ' ಗಪ್ಪಾಯಿತು. ದುರ್ಗೇಶ ಅವರನ್ನು ಮೇಲಿಂದ ಕೆಳಗೆ ನೋಡಿ, ನಿಜವಾದ ಕಾಳಜಿಯಿಂದಲೇ ಕೇಳಿದ: "ಯಾಕ್ರಿ ಮೇಡಂ, ಆ ಸರ್‌ಗೂ ಪಾಠ ಮಾಡಾಕ ಬರ್ತಿದ್ದಿಲ್ಲೇನ್ರಿ?"

'ಸರ್‌ಗೂ' ಎಂಬಲ್ಲಿನ ಆ 'ಊ' ನೇರವಾಗಿ ಬಂದು ತಾಗಿತು. ಸಿಟ್ಟು ಬರಬೇಕಿತ್ತು, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಲಾಸೂ ನಕ್ಕಿತು. ತನ್ನನ್ನು ನೋಡಿಯಲ್ಲ, ತನ್ನ ಜೊತೆ ನಗುತ್ತಿದೆ ಎಂಬುದು ಸುನಂದಾಗೆ ತಿಳಿಯಿತು. ಕಣ್ಣೊರೆಸಿಕೊಂಡು ನಡೆದು ಹೋಗಿ ಕೊನೆಯ ಬೆಂಚಿನಲ್ಲಿ ಅವನ ಪಕ್ಕ ಕುಳಿತರು.

"ಹೂಂ, ಬರ್ತಿದ್ದಿಲ್ಲ ನೋಡು. ನನ್ನ ಪಾಠ ನಿನಗ ಎಲ್ಲಿಂದ ತಿಳಿದಿಲ್ಲ ತೋರ್ಸು. ಅಲ್ಲಿಂದ ಶುರು ಮಾಡೋಣು."

ಜನವರಿ ತಿಂಗಳು. ಪಾಠ ಶೇಕಡಾ ತೊಂಬತ್ತು ಮುಗಿದಿದೆ ಎಂಬ ವರದಿ ಇಲಾಖೆಗೆ ಹೋಗಿ ವಾರವಾಗಿತ್ತು. ದುರ್ಗೇಶ ಪಕ್ಕದ ಸಾಲಿನ ಗಂಗೋತ್ರಿಯ ಪುಸ್ತಕ ಇಸಿದುಕೊಂಡ. ಬೆರಳಿಗೆ ಉಗುಳು ಹಚ್ಚಿ ಹಾಳೆಗಳನ್ನು ಹಿಂದಕ್ಕೆ ತಿರುವತೊಡಗಿದ. ವೃತ್ತಗಳು ಹೋದವು, ತ್ರಿಭುಜಗಳು ಹೋದವು, ಬಹುಪದೋಕ್ತಿಗಳು ಹೋದವು, ಮೊದಲನೇ ಪಾಠವೂ ಹೋಯಿತು. ರಟ್ಟು ಬಂತು. ಪುಸ್ತಕ ಮುಚ್ಚಿ, ಜೀವನದಲ್ಲಿ ಮೊದಲ ಸಲ ಮೇಡಮ್ಮಿಗೆ ಸಹಾಯ ಮಾಡುತ್ತಿರುವವನ ವಿನಯದಿಂದ ಹೇಳಿದ:

"ಆರನೇ ಕ್ಲಾಸಿನ ಪುಸ್ತಕ ಇದ್ರ ಕೊಡ್ರಿ ಮೇಡಂ, ಅದರಾಗ ತೋರಿಸ್ತೀನಿ."